ತಮ್ಮನ ಹೆಸರಿನಲ್ಲಿ ಗೆದ್ದ ಲುಂಬಿನಿ

ವಾಡಿಯ ಲುಂಬಿನಿಗೆ ಸೋತರೆ ಸಿಟ್ಟು ಬರುವುದಿಲ್ಲ. ತಾನು ಗೆದ್ದದ್ದನ್ನು ಇನ್ನೊಬ್ಬರು ಹೊತ್ತುಕೊಂಡು ಹೋದರೆ ಮೈಯೆಲ್ಲ ಉರಿಯುತ್ತದೆ. ಉರಿಯಬೇಕಾದದ್ದೇ.

ಆಕೆ ಚಿತ್ತಾಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಪೋಕರ್ ಎಂಬ ಇಸ್ಪೀಟಾಟದ ಟೂರ್ನಮೆಂಟ್ ಆಡುತ್ತಾಳೆ. ದುಡ್ಡಿನಾಟವಲ್ಲ, ಪಣಕ್ಕಿಡಲು ಪುಕ್ಕಟೆ ಬಿಲ್ಲೆ, ಅಂದರೆ ಚಿಪ್ಸು. ಗೆದ್ದವರ ಹೆಸರು ವಾಟ್ಸಾಪ್ ಗುಂಪಿನಲ್ಲಿ ಮೆರೆಯುತ್ತದೆ, ಅಷ್ಟೇ. ಆ ಹೆಸರೇ ಅವಳಿಗೆ ಬೇಕಾಗಿತ್ತು.

ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಿದ್ದರೂ ಇದೆಯೆಂಬಂತೆ ಚಿಪ್ಸು ತಳ್ಳಿ ಎದುರಿನವರನ್ನು ಹೆದರಿಸುವುದೇ ಬ್ಲಫ್. ಅದು ಯಾರ ಮುಂದೆ ನಡೆಯುತ್ತದೆಂದು ಆಕೆ ನೋಡಿಟ್ಟುಕೊಂಡಿದ್ದಳು. ಸೇಡಂನ ಅಣವೀರ ಪುಕ್ಕಲ, ಜೋರಾಗಿ ತಳ್ಳಿದರೆ ಎಲೆ ಬಿಟ್ಟು ಓಡುತ್ತಾನೆ. ಚಿಂಚೋಳಿಯ ನರಸಪ್ಪ ಯಾವುದಕ್ಕೂ ಜಗ್ಗುವುದಿಲ್ಲ, ಅವನ ಮುಂದೆ ನಿಜವಾದ ಎಲೆಯೇ ಬೇಕು. ಆದರೆ ಲುಂಬಿನಿ ಎಂಬ ಹೆಸರು ಕಂಡೊಡನೆ ಪುಕ್ಕಲ ಅಣವೀರನಿಗೂ ಧೈರ್ಯ ಬಂದುಬಿಟ್ಟಿತು. ಹೆಂಗಸಿಗೆ ಹೆದರಿದರೆ ಮಾನ ಹೋದೀತೆಂದು ಒಬ್ಬರೂ ಎಲೆ ಬಿಡಲಿಲ್ಲ. ಸೋತಳು.

ಮುಂದಿನ ವಾರಗಳಲ್ಲಿ ತಮ್ಮ ರತ್ನದೀಪನ ಫೋನ್ ಹಿಡಿದು, ಅವನ ಹೆಸರಿನಲ್ಲಿ ಅದೇ ಬ್ಲಫ್ ಆಡಿದಳು. ಅದೇ ಗಂಡಸರು ಬಾಲ ಮುದುರಿದರು. ಗುಂಪಿನಲ್ಲಿ ಮೆರೆದವನು ಮಾತ್ರ ರತ್ನದೀಪ. ಚಹಾದ ಅಂಗಡಿಯಲ್ಲಿ ಕೂತು, ಬ್ಲಫ್ ಮಾಡುವುದು ಹೇಗೆಂದು ಊರಿಗೆಲ್ಲ ಪಾಠ ಹೇಳತೊಡಗಿದ. ಅತ್ತೆ ಒಡವೆ ಅಳಿಯ ದಾನ ಮಾಡಿದ ಅಂದರೆ ಇದೇ.

"ಆಡಿದಾಕಿ ನಾ ಅಂತ ಹೇಳೋ" ಎಂದಳು ಲುಂಬಿನಿ.

"ಯಾರು ನಂಬ್ತಾರಕ್ಕ? ನಗ್ತಾರ" ಎಂದ ಅವನು.

ಮುಂದಿನ ಭಾನುವಾರ ಆಕೆ ತನ್ನ ಹೆಸರಿನಲ್ಲೇ ಕೂತಳು. ಹಲ್ಲು ಕಚ್ಚಿ ಒಳ್ಳೆಯ ಎಲೆಗೆ ಕಾದಳು, ಬಂದಾಗ ಮಾತ್ರ ತಳ್ಳಿದಳು. ಸುಳ್ಳೇ ಇರಬೇಕೆಂದು ತಾವೂ ಅಷ್ಟೇ ಚಿಪ್ಸು ಹಾಕಿ ಎಲೆ ತೋರಿಸೆಂದವರೆಲ್ಲ ಒಬ್ಬೊಬ್ಬರಾಗಿ ಆಟದಿಂದ ಹೊರಬಿದ್ದರು. ಕೊನೆಗೆ ಉಳಿದವನು ಎದುರಿನ ಮಂಚದ ಮೇಲೆ ಕೂತು ಆಡುತ್ತಿದ್ದ ತಮ್ಮ. ಅಕ್ಕ ಗಳಿಸಿಕೊಟ್ಟ ಹೆಸರಿಗೆ ಹೆದರಿ ಅವನನ್ನು ಯಾರೂ ಕೆಣಕಿರಲಿಲ್ಲ.

ಆಗ ಅವಳಿಗೆ ಬಂದದ್ದು ಕೆಲಸಕ್ಕೆ ಬಾರದ ಎಲೆ. ಅವನ ಬಹುಪಾಲು ಚಿಪ್ಸು ಆಗಲೇ ನಡುವೆ ಬಿದ್ದಿತ್ತು. ಲುಂಬಿನಿ ತನ್ನದನ್ನೆಲ್ಲ ತಳ್ಳಿದಳು. ಬೇರೆ ಯಾರಾದರೂ ನಗುತ್ತ ಎಲೆ ತೋರಿಸೆನ್ನುತ್ತಿದ್ದರು. ರತ್ನದೀಪ ಬೆವರಿದ, ಅಕ್ಕನ ಮುಖ ನೋಡಿದ, ಎಲೆ ಬಿಟ್ಟ. ಅವನಲ್ಲಿ ಉಳಿದ ಚೂರುಪಾರು ಮುಂದಿನ ಸುತ್ತಿನಲ್ಲಿ ಹೋಯಿತು.

ಗುಂಪು ನಡೆಸುವ ಅಮರನಾಥ ಬರೆದ: "ಅಕ್ಕಾರ ನಸೀಬು ಚಲೋ ಅದ ಬಿಡ್ರಿ." ಅದರ ಕೆಳಗೆ ಮೊದಲು ಹೌದೆನ್ನುವ ಹೆಬ್ಬೆರಳಿನ ಚಿತ್ರ ಹಾಕಿದವನು ರತ್ನದೀಪ.

ಲುಂಬಿನಿ ಎದ್ದು ಅವನ ಮಂಚದ ಮುಂದೆ ನಿಂತಳು. "ನನಗ ಆಡಾಕ ಬರ್ತದಂತ ನಿನಗ ಗೊತ್ತದ. ಅದಕ್ಕೇ ಹೆದರಿ ಎಲೆ ಬಿಟ್ಟಿ. ಈಗ ನಸೀಬು ಅಂದಾಂವಗ ಹೌದು ಅನ್ಲಿಕತ್ತಿ."

"ಆಟ ಅದ, ಅಕ್ಕ. ಇಷ್ಟ್ಯಾಕ ಸಿಟ್ಟು" ಎಂದ ಅವನು, ಫೋನ್ ನೋಡುತ್ತಲೇ.

"ಆಯ್ತು. ಇನ್ನ ನಿನ್ನ ಫೋನ್ ನಾ ಹಿಡಿಯಂಗಿಲ್ಲ. ಬರೋ ಐತಾರದಿಂದ ಪ್ರತಿ ಸಲ ನಿನ್ನ ಹೆಸರಿಲೆ ನೀನೇ ಆಡು."

ರತ್ನದೀಪ ಆಗ ತಲೆ ಎತ್ತಿದ.