ಪೊರೆ ಬಿಡಿಸದ ಹಮ್ರಾಕುಲ್

ಮುನೋಜಾತ್ ತನ್ನ ಗಂಡನಾಗಲಿದ್ದ ಹಮ್ರಾಕುಲನನ್ನು ಮೊದಲು ಕಂಡದ್ದು ಕೊಕಂದ್ ಪಟ್ಟಣದ ಉದ್ಯಾನದ ಒಂದು ಬೆಂಚಿನ ಮೇಲೆ, ಹಿರಿಯರು ಇಬ್ಬರನ್ನೂ ಮಾತಾಡಿಕೊಳ್ಳಲು ಕಳಿಸಿದ ದಿನ. ಅವನ ಕೈಯಲ್ಲಿ ಹೊಸ ಗಡಿಯಾರವಿತ್ತು. ಗಾಜಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ ಪೊರೆ ಹಾಗೆಯೇ ಇತ್ತು. ಗಂಟೆ ಎಷ್ಟೆಂದು ಕೇಳಿದರೆ ಕೈಯನ್ನು ಬಿಸಿಲಿಗೆ ಹಿಡಿದು, ಓರೆ ಮಾಡಿ, "ನಾಲ್ಕೋ ಐದೋ ಆಗಿರ್ಬೇಕು" ಎಂದ.

"ಆ ಪೊರೆ ಕಿತ್ತುಬಿಡಬಾರದಾ?"

"ಕಿತ್ತರೆ ಹಳೇದಾಗ್ಬಿಡತ್ತಲ್ಲ!"

ಇಂಥವನು ಹೆಂಡತಿಯನ್ನೂ ಜೋಪಾನವಾಗಿ ಇಟ್ಟುಕೊಂಡಾನು ಎಂದು ಅವಳು ಒಪ್ಪಿದಳು. ಆಮೇಲೆ ಮೂವತ್ತು ವರ್ಷ ಫ್ರಿಜ್ಜು, ಟೀವಿ, ಕಾರಿನ ಸೀಟು ಎಲ್ಲವೂ ಪೊರೆಯೊಳಗೇ ಬಾಳಿದವು. ಬೇಸಿಗೆಯಲ್ಲಿ ಕಾರಿನಿಂದ ಇಳಿಯುವವರ ಬೆನ್ನಿಗೆ ಸೀಟಿನ ಪ್ಲಾಸ್ಟಿಕ್ಕೂ ಅಂಟಿಕೊಂಡು ಅರ್ಧ ಹೊರಗೆ ಬರುತ್ತಿತ್ತು.

ಮಗಳು ಮಾಹ್ತಾಬಳ ಮದುವೆ ಗೊತ್ತಾಯಿತು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕೇರಿಯ ಗಂಡಸರಿಗೆಲ್ಲ ಪಲಾವಿನ ಊಟ. ಅದಕ್ಕೆ ಕರೆಯೋಲೆಯನ್ನು ಮನೆಮನೆಗೆ ಹೋಗಿ ಕೈಗೆ ಕೊಡಬೇಕು. ಓಲೆ ಸಿಗದವನು ಬರುವುದಿಲ್ಲ, ಮರೆಯುವುದೂ ಇಲ್ಲ. ಅಚ್ಚಿನ ಅಂಗಡಿಯ ಸೊದಿಕ್‌ನ ಮುಂದೆ, ತುಂಬಿದ ಚಹಾದಂಗಡಿಯಲ್ಲಿ, ಹಮ್ರಾಕುಲ್ ಜಂಬ ಕೊಚ್ಚಿದ: "ಇನ್ನೂರು ಓಲೆ ನಮ್ಮನೇಲೇ ಅಚ್ಚಾಗತ್ತೆ. ನಿನ್ನ ಹಂಗು ನನಗ್ಯಾಕೆ?"

ಸೋಮವಾರ ಪ್ರಿಂಟರು ಬಂತು. ದೊಡ್ಡ ಅತಿಥಿಗಳು ಕೂರುವ ಗೌರವದ ಜಾಗದಲ್ಲೇ ಅದನ್ನು ಕೂರಿಸಿದರು. ಅದು ಗುರುಗುಟ್ಟಿತು, ಕಾಗದವನ್ನು ನುಂಗಿತು, ಹೋದಷ್ಟೇ ಬಿಳಿಯಾಗಿ ಹೊರಗೆ ಹಾಕಿತು. ಕೆಂಪು ದೀಪ ಮಿಟುಕಿತು.

"ರೀ, ಶಾಯಿ ಡಬ್ಬಿ ಬಾಯಿಗೆ ಕಿತ್ತಳೆ ಬಣ್ಣದ ಪಟ್ಟಿ ಇದೆಯಲ್ಲ, ಅದನ್ನ ಕೀಳ್ಬೇಕೇನೋ?"

"ಕಂಪನಿಯವರು ಅಂಟಿಸಿದ್ದನ್ನ ಕೀಳೋಕೆ ನೀನೇನು ಇಂಜಿನಿಯರ್ರಾ?"

ಉತ್ತರ ಇದ್ದದ್ದು ಸೂಚನೆಯ ಪುಸ್ತಕದಲ್ಲಿ. ಪುಸ್ತಕ ಇದ್ದದ್ದು ಸೀಲು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ. ಅದನ್ನು ಒಡೆಯುವ ಮಾತೇ ಇರಲಿಲ್ಲ.

ಮಂಗಳವಾರ, ಇದು ಸೊದಿಕ್‌ನ ಕಣ್ಣುದೃಷ್ಟಿಯೇ ಎಂದು ತೀರ್ಮಾನಿಸಿ, ಕೂಸಿಗೆ ಹಾಕುವಂತೆ ಇಸಿರಿಕ್ ಸೊಪ್ಪಿನ ಹೊಗೆ ಹಾಕಿದ. ಯಂತ್ರಕ್ಕೆ ಏನೂ ಆಗಲಿಲ್ಲ, ಮನೆಯವರು ಕೆಮ್ಮಿದರು. ಬುಧವಾರ ಕಂಪನಿಗೆ ಫೋನು ಮಾಡಿದ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣುದನಿ ನಲವತ್ತು ನಿಮಿಷ ಹೇಳಿತು. ಸಂಜೆ ಸೊದಿಕ್ ಬಾಗಿಲಲ್ಲಿ ಇಣುಕಿದ.

"ಹಮ್ರಾಕುಲ್ ಅಣ್ಣಾ, ನನ್ನ ಓಲೆ ಎಲ್ಲಿ?"

"ಒಣಗ್ತಾ ಇದೆ."

"ಬಿಳೀ ಹಾಳೇನೂ ಒಣಗಿಸ್ಬೇಕಾ, ಅಣ್ಣಾ?"

ಅಡುಗೆಮನೆಯಲ್ಲಿ ಮಾಹ್ತಾಬ್ ಕ್ಯಾರೆಟ್ಟು ಹೆಚ್ಚುವುದನ್ನು ನಿಲ್ಲಿಸಿದಳು. "ಅಮ್ಮಾ, ಗಂಡಿನ ಕಡೆಯೋರು ಬಂದಾಗ ಅಂಗಳ ಖಾಲಿ ಇರತ್ತಾ?"

ಗುರುವಾರ ಮಧ್ಯಾಹ್ನ ಅವನು ಮತ್ತೊಮ್ಮೆ ಹೊಗೆ ಹಾಕಿ ನಮಾಜಿಗೆ ಹೋದ. ಮುನೋಜಾತ್ ಮುಚ್ಚಳ ಎತ್ತಿ, ಪಟ್ಟಿಯನ್ನು ಒಂದೇ ಎಳೆತಕ್ಕೆ ಕಿತ್ತಳು. ಮೂವತ್ತು ವರ್ಷದಿಂದ ಅವಳ ಬೆರಳುಗಳು ಈ ಸುಖಕ್ಕೆ ಕಾದಿದ್ದವು. ಅವನು ಮರಳಿದಾಗ ಓಲೆಗಳು ಒಂದರ ಹಿಂದೊಂದು ಬೀಳುತ್ತಿದ್ದವು.

"ನೋಡಿದ್ಯಾ? ಹೊಗೆ ಕೆಲಸ ಮಾಡ್ತು!"

"ಹೂಂ," ಎಂದಳು. ಮಗಳ ಮದುವೆ ಎದುರಿಗಿರುವಾಗ ವಾದಕ್ಕೆ ಹೊತ್ತೆಲ್ಲಿ?

ಶುಕ್ರವಾರ ಸಂಜೆಯೊಳಗೆ ಓಲೆಗಳು ಹಂಚಿಹೋದವು. ಶನಿವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊದಿಕ್ ಎರಡು ತಟ್ಟೆ ಪಲಾವು ತಿಂದ.

ಮದುವೆಯ ಮರುದಿನ ಕಸ ಗುಡಿಸುವಾಗ ಹಮ್ರಾಕುಲನಿಗೆ ಆ ಪಟ್ಟಿ ಸಿಕ್ಕಿತು. "ಅಯ್ಯೋ, ಬಿದ್ದುಹೋಗಿದೆ!" ಎಂದು ಮರುಗಿ ಶಾಯಿ ಡಬ್ಬಿಯ ಬಾಯಿಗೆ ಮತ್ತೆ ಅಂಟಿಸಿದ. ಈಗ ಅಚ್ಚು ಹಾಕಿಸಲು ಕೇರಿಯವರು ಅವನ ಮನೆಗೇ ಬರುತ್ತಾರೆ. ಮೊದಲು ಬಿಳಿ ಹಾಳೆ ಬರುತ್ತದೆ, ಅವನು ಹೊಗೆ ತರಲು ಏಳುತ್ತಾನೆ, ಅವನು ಬೆನ್ನು ತಿರುಗಿಸಿದಾಗ ಮುನೋಜಾತ್ ಪಟ್ಟಿ ಕೀಳುತ್ತಾಳೆ. ಬಂದವರು ಹೋದಮೇಲೆ ಅವನು ಪುನಃ ಅಂಟಿಸುತ್ತಾನೆ. ಹೀಗೆ ಅಂಟು ಸವೆದುಹೋಯಿತೆಂದು ನಿನ್ನೆ ಬಜಾರಿನಿಂದ ಹೊಸ ಅಂಟುಪಟ್ಟಿಯ ಸುರುಳಿ ತಂದಿದ್ದಾನೆ. ಅದರ ಮೇಲಿನ ಪೊರೆಯನ್ನು ಮಾತ್ರ ಇನ್ನೂ ಬಿಡಿಸಿಲ್ಲ.