ಆಪಾ ಚಾಪೆ ಹಾಸಿದ ಮನೆ

ಬಿಳಿ ಬುರ್ಕಾದ ಮುಂದೆ ಒಂದು ಗೇಣು, ಹಿಂದೆ ಒಂದು ಗೇಣು ಚಾಪೆ ಚಾಚಿಕೊಂಡಿರುತ್ತಿತ್ತು. ಕಂಕುಳಲ್ಲಿ ಸುತ್ತಿ ಹಿಡಿದ ಚಾಪೆ, ಅಂಚಿಗೆ ಕೆಂಪು ಅರಿವೆ ಹೊಲಿದದ್ದು. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಇಳಿದು ಕಮರಿಪೇಟೆಯ ನಮ್ಮ ಓಣಿಗೆ ಅವಳು ನಡೆದು ಬಂದರೆ, ಎದುರಿಗೆ ಬಂದವರು ಗೋಡೆಗೆ ಸರಿದು ದಾರಿ ಬಿಡಬೇಕು.

ನಮ್ಮಪ್ಪನ ಮನೆಗೂ ಅವಳಪ್ಪನ ಮನೆಗೂ ನಡುವೆ ಒಂದೇ ಗೋಡೆ. ನಮ್ಮದು ಕಾಳಿನ ಅಂಗಡಿ. ಅವರದು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ. ಅವಳಿಗೆ ಇಬ್ಬರು ತಮ್ಮಂದಿರು. ಅವರು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು, ಓಣಿಯವರೂ ಅದನ್ನೇ ಹಿಡಿದರು, ನಾನೂ ಹಾಗೇ ಕರೆದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳನ್ನು ಧಾರವಾಡಕ್ಕೆ ಕೊಟ್ಟಿದ್ದರು. ಗಂಡನದು ಸೈಕಲ್ ಅಂಗಡಿ, ಉಣ್ಣಲು ಉಡಲು ಕೊರತೆ ಇರಲಿಲ್ಲ. ನನ್ನನ್ನು ಗೋಪನಕೊಪ್ಪಕ್ಕೆ ಕೊಟ್ಟರು, ಹೊಲ ಮನೆ ಇದ್ದವರಿಗೆ.

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳು ಸತ್ತು ಎಷ್ಟೋ ವರ್ಷವಾಯಿತು, ಅದು ಆರಿಲ್ಲ. ಚಂದ ಇದ್ದಳೆಂದಲ್ಲ, ಮುಖದ ತುಂಬ ಸಿಡುಬಿನ ಕಲೆ. ಬಂಗಾರ ಇತ್ತೆಂದೂ ಅಲ್ಲ, ನನ್ನ ಮೈಮೇಲೇ ಹೆಚ್ಚಿತ್ತು. ಆ ಚಾಪೆಗಾಗಿ.

ನಾನು ನಾಗರ ಪಂಚಮಿಗೆ ತವರಿಗೆ ಬಂದರೆ ಅತ್ತಿಗೆ ಕಾಳಿನ ಕೋಣೆಯ ಮೂಲೆಯಲ್ಲಿ ಹಾಸಿಗೆ ಹಾಕುತ್ತಿದ್ದಳು. ಉಂಡಿ ತಿಂದು, ಜೋಕಾಲಿ ಆಡಿ, ಉಡಿ ತುಂಬಿಸಿಕೊಂಡು ಹೊರಡಬೇಕು. ಎರಡು ದಿನ ಹೆಚ್ಚಾದರೆ ಅಣ್ಣ, "ಗಾಡಿ ಹೂಡಸ್ಲೇನವಾ?" ಎಂದು ಕೇಳುತ್ತಿದ್ದ. ಗೋಡೆಯ ಆಚೆ ಆಪಾ ಬಂದಳೆಂದರೆ ಯಾರನ್ನೂ ಕೇಳುತ್ತಿರಲಿಲ್ಲ. ಇವತ್ತು ಪಡಸಾಲೆಯ ನಡುವೆ ಹಾಸಿದರೆ ನಾಳೆ ಅಡುಗೆಮನೆಯಲ್ಲಿ. ಮರುದಿನ ಭಟ್ಟಿಗೆ ಗಾಳಿ ಊದುವ ತಿದಿಯ ಪಕ್ಕದಲ್ಲಿ, ದೊಡ್ಡ ತಮ್ಮ ಕೆಲಸಕ್ಕೆ ಕೂರುವ ಜಾಗದಲ್ಲೇ. ಅವಳು ಏಳುವವರೆಗೆ ಅವನು ಹೊರಗೆ ನಿಂತು ಬೀಡಿ ಸೇದಬೇಕು.

ಇದು ಶುರುವಾದದ್ದು ಅವಳಪ್ಪ ತೀರಿಕೊಂಡ ಮೇಲೆ. ತಾಯಿ ಮೊದಲೇ ಹೋಗಿದ್ದಳು. ಅವರ ಕಾಯ್ದೆಯಲ್ಲಿ ಮಗಳಿಗೂ ಪಾಲಿದೆ. ಮಗನಿಗೆ ಎರಡಾದರೆ ಮಗಳಿಗೆ ಒಂದು. ಇಬ್ಬರು ತಮ್ಮಂದಿರಿಗೆ ನಾಲ್ಕು ಭಾಗ, ಇವಳಿಗೆ ಒಂದು. ಓಣಿಯ ಬೇರೆ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಮನಸ್ಸು ಕೆಡಬಾರದೆಂದು ಬಿಟ್ಟುಕೊಡುತ್ತಿದ್ದರು. ಇವಳು ಬಿಡಲಿಲ್ಲ. ಆಸೆಬುರುಕಿ ಎಂದರು. ಅನ್ನಲಿ ಎಂದಳು.

ತಮ್ಮಂದಿರು ಹಿತ್ತಲಿನ ಇದ್ದಿಲು ಕೋಣೆ ತೋರಿಸಿದರು. ಅದನ್ನು ತೆಗೆದುಕೊಂಡು, ಉಳಿದದ್ದು ಬೇಡವೆಂದು ಹೆಬ್ಬೆಟ್ಟು ಒತ್ತು ಎಂದರು. ಆ ಜಗಳ ನಾನು ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದ್ದೇನೆ. ಮನೆಯಲ್ಲಿ ಅವರ ಮಾತು ಉರ್ದು. ಜಗಳ ಬಂದರೆ ಮಾತ್ರ ಆಪಾ ಬಾಗಿಲಿಗೆ ಬಂದು ನಿಂತು ಕನ್ನಡದಲ್ಲಿ ಆಡುತ್ತಿದ್ದಳು, ಓಣಿಯೆಲ್ಲ ಸಾಕ್ಷಿ ಇರಲೆಂದು.

"ಐದ್ರಾಗ ಒಂದು ನಿಂದು ಅಂತೀರಿ. ಖರೆ. ಆ ಒಂದು ಯಾವುದು, ತೋರಸ್ರಿ ನೋಡೂಣು."

"ಇದ್ದಲಿ ಕೋಣಿ, ಆಪಾ," ಎಂದ ಸಣ್ಣ ತಮ್ಮ.

"ಅದು ನೀ ಹೇಳಿದ್ದು. ಪಾಲಾಗೂತನಕಾ ಒಂದೊಂದು ಇಟ್ಟಂಗ್ಯಾಗೂ ನಂದು ಐತಿ. ಹೊಸ್ತಿಲದಾಗ ಐತಿ, ಒಲ್ಯಾಗ ಐತಿ. ನೀ ಒರಗಿ ನಿಂತೀಯಲ್ಲ, ಆ ಕಂಬದಾಗೂ ಐತಿ."

"ಹಂಗಾರ ಕೋರ್ಟಿಗೆ ಹೋಗಿ ಪಾಲು ಮಾಡಸ್ತೀವಿ."

"ಮಾಡಸ್ರಿ. ಇಷ್ಟ ಮನಿ ಐದು ತುಂಡ ಮಾಡಿದ್ರ ನಿಂಗ ಭಟ್ಟಿ ಇಡಾಕ ಜಾಗಾ ಉಳೀತೈತೇನು? ತುಂಡ ಮಾಡಾಕ ಬರೂದಿಲ್ಲಂದ್ರ ಮಾರಿ ರೊಕ್ಕಾ ಹಂಚಕೋರಿ ಅಂತಾರ ಕೋರ್ಟಿನವ್ರು. ಆಮ್ಯಾಲೆ ಎಲ್ಲಿ ಹೋಗ್ತೀ? ನನ್ನ ಗಂಡನ ಮನಿಗೆ ಬಂದು ಕುಂದರ್ತೀಯೇನು?"

ಕಟ್ಟೆಯ ಮೇಲಿನ ಗಂಡಸರು ನಕ್ಕರು. ತಮ್ಮ ಕಂಬ ಬಿಟ್ಟು ಸರಿದು ನಿಂತ. ಆಮೇಲೆ ಕೋರ್ಟಿನ ಮಾತು ಅವನು ಎತ್ತಲಿಲ್ಲ.

ಸುಮ್ಮನೆ ಹಕ್ಕು ಹೇಳಿಕೊಂಡು ತಿರುಗುವವಳಲ್ಲ ಅವಳು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವಾಗ ಧಾರವಾಡದಿಂದ ಬಂದು ಬುಟ್ಟಿ ಹೊರುತ್ತಿದ್ದಳು. ತಮ್ಮಂದಿರ ಹೆಂಡಿರು ಬೇಡವೆಂದರೆ, "ಸೋರಿದ್ರ ನನ್ನ ಪಾಲೂ ಸೋರ್ತೈತಿ" ಎನ್ನುತ್ತಿದ್ದಳು. ಒಮ್ಮೆ ನಾನು ಕೇಳಿಯೇಬಿಟ್ಟೆ: "ಗಂಡನ ಮನ್ಯಾಗ ಎಲ್ಲಾ ಐತಿ ನಿಂಗ. ಈ ಮಸಿ ಹಿಡದ ಮನಿ ಯಾಕ ಬೇಕು?"

"ನಮ್ಮಪ್ಪ ಸತ್ತ ಅಂತ ನಾ ಇಲ್ಲೆ ಬಂದು ಹೋಗಾಕಿ ಆಗ್ಲೇನು?" ಎಂದಳು.

ಗೋಡೆಯ ಈಚೆ ನಾನು ಬಂದು ಹೋಗುವವಳೇ ಆಗಿದ್ದೆ.

ಎರಡನೇ ಮಹಾಯುದ್ಧ ಶುರುವಾದ ವರ್ಷ ನನ್ನ ಗಂಡ ವಿಷಮಜ್ವರದಲ್ಲಿ ಹೋದ. ಕೈಯಲ್ಲಿ ಒಬ್ಬಳೇ ಮಗಳು, ಇನ್ನೂ ಹಾಲುಹಲ್ಲಿನವಳು. ಗಂಡನ ಅಣ್ಣ, ನನ್ನ ಭಾವ, ನಮ್ಮಿಬ್ಬರನ್ನೂ ಗಾಡಿಯಲ್ಲಿ ಕೂರಿಸಿ ತವರಿಗೆ ಕಳಿಸಿದ. "ನಾಕ ದಿನ ಇದ್ದು ಬರ್ರಿ" ಎಂದ. ಕರೆಯಲು ಬರಲಿಲ್ಲ, ಆಳನ್ನೂ ಕಳಿಸಲಿಲ್ಲ. ಇಲ್ಲಿ ಅತ್ತಿಗೆ ನನ್ನ ಮಗಳ ತಾಟಿನ ರೊಟ್ಟಿಯನ್ನು ಕಣ್ಣಲ್ಲೇ ಅಳೆಯತೊಡಗಿದಳು. ಎರಡು ಮನೆ ಇದ್ದೂ ನಮಗೆ ಮಲಗಲು ನೆಲ ಇಲ್ಲದ ಹಾಗಾಯಿತು.

ಒಂದು ಮಧ್ಯಾಹ್ನ ನನಗೂ ತಲೆಗೇರಿತು. ಅವಳಿಗೆ ಅವಳಪ್ಪನ ಮನೆಯಲ್ಲಿ ಪಾಲಿದ್ದರೆ ನನಗೆ ನನ್ನಪ್ಪನ ಮನೆಯಲ್ಲಿ ಯಾಕಿಲ್ಲ? ಒಳಗಿಂದ ಒಂದು ಚಾಪೆ ತಂದೆ. ಅಂಗಡಿಯಲ್ಲಿ, ಕಾಳಿನ ಚೀಲಗಳ ನಡುವೆ, ಅಣ್ಣ ಕೂರುವ ಗಾದಿಯ ಎದುರಿಗೇ ಹಾಸಿ ಕುಳಿತೆ.

"ಏನವಾ ಇದು?" ಎಂದ ಅಣ್ಣ.

"ನನ್ನ ಪಾಲು."

ಅವನಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ನಕ್ಕ. "ಬಾಜೂ ಮನಿಯಾಕಿನ್ನ ನೋಡಿ ಕಲತೇನು? ಅವ್ರ ಕಾಯ್ದೆ ಬ್ಯಾರೆ, ನಮ್ಮದು ಬ್ಯಾರೆ. ನಮ್ಮಾಗ ಅಪ್ಪನ ಮನಿ ಗಂಡುಮಕ್ಕಳದು. ನಿನ್ನ ಮದಿವಿ ಮಾಡಿಕೊಟ್ಟೇವಿ, ಅಲ್ಲಿಗೆ ಮುಗೀತು."

ಒಳಗಿಂದ ಅತ್ತಿಗೆ, "ಚಾಪಿ ತಗೀರಿ, ಗಿರಾಕಿ ತುಳೀತಾರ" ಎಂದಳು.

ಗೋಡೆಯ ಆಚೆ ಯಾರೋ ಗೊಳ್ಳೆಂದು ನಕ್ಕರು. ಯಾರೋ ಏನು, ಅವಳೇ.

ಹಿತ್ತಲಿಗೆ ಹೋಗಿ ನಿಂತರೆ ಗೋಡೆಯ ಮೇಲೆ ಆ ಸಿಡುಬಿನ ಮುಖ ಕಾಣಿಸಿತು. ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು.

"ತಂಗೆವ್ವಾ, ಚಾಪಿ ಛಲೋ ಹಾಸೀದಿ. ಮನಿ ತಪ್ಪಿತು ನೋಡು."

"ನಗು, ನಗು. ನಿಂದು ನಡೀತೈತಿ."

"ಗಂಡನ ಮನ್ಯಾಗ ಅಂವಾ, ಅವನ ಅಣ್ಣಾ ಕೂಡೇ ಇದ್ರೋ, ಬ್ಯಾರೆ ಆಗಿದ್ರೋ?"

"ಕೂಡೇ ಇದ್ರು."

"ಸುಮ್ಕ ಇರು. ನಮ್ಮ ಎದುರು ಮನಿ ವಕೀಲರನ್ನ ಕೇಳಿ ಬರ್ತೇನಿ."

ಅವಳಿಗೆ ಎದುರು ಮನೆಯಲ್ಲಿ ವಕೀಲರು ಬೇರೆ! ಅದಕ್ಕೂ ಉರಿಯಿತು ನನಗೆ. ಕೇಳು ಎಂದು ನಾನು ಬಾಯಿಬಿಟ್ಟಿರಲಿಲ್ಲ. ಅವಳು ಧಾರವಾಡಕ್ಕೆ ಹೋಗಿ ಕೇಳಿದಳು, ಮುಂದಿನ ವಾರವೇ ತಿರುಗಿ ಬಂದಳು. ಮತ್ತೆ ಗೋಡೆಯ ಮೇಲೆ ಮುಖ.

"ನಿಮ್ಮವ್ರಿಗೆ ಹೊಸಾ ಕಾಯ್ದೆ ಬಂದೈತಂತ. ಮೊದಲ ಗಂಡ ಸತ್ರ ಅಂವನ ಪಾಲು ಅಣ್ಣತಮ್ಮರಿಗೆ ಹೋಗತಿತ್ತು, ಹೆಂಡತಿಗೆ ಬರೇ ಅನ್ನಾ ಅರಿವಿ. ಈಗ ಆ ಪಾಲು ಹೆಂಡತಿಗೆ ಬರ್ತೈತಿ. ನಿನ್ನ ಗಂಡ ಹೋಗಿದ್ದು ಕಾಯ್ದೆ ಬಂದ ಮ್ಯಾಲೆ. ಗೋಪನಕೊಪ್ಪದ ಮನ್ಯಾಗ ಅರ್ಧಾ ನಿಂದು."

"ಯಾವ ಅರ್ಧಾ?"

"ನೋಡು ಮತ್ತ! ಯಾವುದು ಅಂತ ಕೇಳಬ್ಯಾಡ. ಕೇಳಿದ್ರ ದನದ ಕೊಟಗಿ ತೋರಸ್ತಾರ. ಹೋಗಿ ನಡುಮನ್ಯಾಗ ಹಾಸು. ಹೆಬ್ಬಟ್ಟು ಮಾತ್ರ ಎಲ್ಲೂ ಒತ್ತಬ್ಯಾಡ."

ತನ್ನ ಕೆಂಪಂಚಿನ ಚಾಪೆಯನ್ನೇ ಗೋಡೆ ದಾಟಿಸಿದಳು. "ಇದನ್ನ ಒಯ್ಯಿ. ನಿಮ್ಮಣ್ಣನ ಮನೀದು ಒಯ್ದ್ರ ಕಳವು ಅಂತಾರ."

ಗೋಪನಕೊಪ್ಪಕ್ಕೆ ನಡೆದೇ ಹೋದೆ. ಸೊಂಟದ ಮೇಲೆ ಮಗಳು, ಕಂಕುಳಲ್ಲಿ ಚಾಪೆ. ನಡುಮನೆಯಲ್ಲಿ ಹಾಸಿ ಕುಳಿತೆ. ಭಾವ ಹೊಲದಿಂದ ಬಂದವನು ಹೊಸ್ತಿಲಲ್ಲೇ ನಿಂತ.

"ಇಲ್ಲ್ಯಾಕ ಕುಂತಿ? ಹಿಂದ ದನದ ಕೊಟಗಿ ಸಾರಿಸಿ ಕೊಡ್ತೇನಿ. ನೀನು, ನಿನ್ನ ಮಗಳು ಅಲ್ಲೆ ಇರ್ರಿ."

ಆಪಾ ಹೇಳಿಕೊಟ್ಟು ಕಳಿಸಿದ ಹಾಗೆ ಮಾತಾಡಿದ. ಗಂಡ ಸತ್ತವಳು ಭಾವನ ಮುಂದೆ ನಗಬಾರದು. ನಕ್ಕೆ.

"ಕೊಟಗ್ಯಾಗೂ ಅರ್ಧಾ ನಂದೈತ್ರಿ. ಇಲ್ಲೂ ಐತ್ರಿ. ಸದ್ಯೇಕ ಇಲ್ಲೆ ಇರ್ತೇನ್ರಿ."

ಹುಬ್ಬಳ್ಳಿಗೆ ಹೋಗಿ ಅವನೂ ಒಬ್ಬ ವಕೀಲರನ್ನು ಕೇಳಿಕೊಂಡು ಬಂದ. ಬರುವಾಗ ಮುಖ ಸಣ್ಣದಾಗಿತ್ತು. ನನ್ನ ಜೊತೆ ಮಾತು ಬಿಟ್ಟ, ಮನೆಯಿಂದ ಎಬ್ಬಿಸಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಚಾಪೆಯ ಪಕ್ಕದಿಂದ ದಾಟುವುದನ್ನು ಕಲಿತ. ನನ್ನ ಮಗಳು ಆ ನಡುಮನೆಯಲ್ಲೇ ದೊಡ್ಡವಳಾದಳು.

ಈಗ ನಾನೂ ಅವಳಿಗೆ ಸರಿಸಮ ಎಂದುಕೊಂಡು, ಚಾಪೆ ತಿರುಗಿ ಕೊಡಲು ಕಮರಿಪೇಟೆಗೆ ಹೋದೆ. ಆಪಾ ಕಲಾಯಿ ಹಾಕಿದ ಕೊಡಗಳ ನಡುವೆ ಹಾಸಿಕೊಂಡು ಕೂತಿದ್ದಳು, ಹೊಸ ಚಾಪೆ. ಎಲ್ಲ ಕೇಳಿ ಹೇಳಿದಳು:

"ವಕೀಲರು ಇನ್ನೊಂದು ಮಾತು ಹೇಳಿದ್ರು. ಆವತ್ತ ಹೇಳಿದ್ರ ನೀ ಹೋಗತಿದ್ದಿಲ್ಲ. ನಿಂದು ನೀ ಇರೂತನಕಾ ಅಷ್ಟ. ನಿನ್ನ ಮನಸ್ಸಿಗೆ ಬಂದಂಗ ಮಾರೂಹಂಗಿಲ್ಲ, ಬ್ಯಾರೇದವ್ರಿಗೆ ಬರದು ಕೊಡೂಹಂಗಿಲ್ಲ."

"ನಿಂದು?"

"ನಂದು ಪೂರಾ ನಂದು. ಬೇಕಾದ್ರ ಇವತ್ತ ಮಾರ್ತೇನಿ. ಬೇಕಾದ್ರ ನಿಂಗ ಬರದು ಕೊಡ್ತೇನಿ, ತಗೋತೀಯೇನು?" ಎಂದು ನಕ್ಕಳು.

ನಾನು ಚಾಪೆ ತಿರುಗಿ ಕೊಡಲಿಲ್ಲ. ಕಂಕುಳಲ್ಲಿ ಹಿಡಿದದ್ದನ್ನು ಹಾಗೇ ಹಿಡಿದುಕೊಂಡು ಬಂದೆ.

ಸ್ವಾತಂತ್ರ್ಯ ಬರುವ ಮುಂಚೆ, ಒಂದು ರಂಜಾನ್ ಹಬ್ಬದ ಮರುದಿನ, ಅವಳು ಸತ್ತಳು. ಹಬ್ಬಕ್ಕೆಂದು ಬಂದವಳು ತಿದಿಯ ಪಕ್ಕದಲ್ಲಿ ಹಾಸಿ ಮಲಗಿದ್ದಳು. ಸುದ್ದಿ ಕೇಳಿ ಹೋದೆ. ದೊಡ್ಡ ತಮ್ಮ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದ. "ಮುಂಜಾನಿ ಇಲ್ಲೇ ನಿಂತು ಬೀಡಿ ಸೇದಿದ್ನಿ, ಅಕ್ಕಾ. ಆಪಾ ಏಳ್ತಾಳಂತ ಕಾದೆ. ಇನ್ನೊಂದು ಸೇದಿದ್ನಿ," ಎಂದ. ನಲವತ್ತರ ಹತ್ತಿರದ ಗಂಡಸು, ಕೂಸಿನ ಹಾಗೆ ಅತ್ತ.

ನನಗೆ ಅಳು ಬರಲಿಲ್ಲ. ಹೊಟ್ಟೆಕಿಚ್ಚೇ ಬಂತು. ಹುಟ್ಟಿದ ಮನೆಯಲ್ಲಿ, ತನ್ನದೇ ನೆಲದ ಮೇಲೆ ಸತ್ತಿದ್ದಳು. ಗೋಡೆಯ ಈಚೆ ನನ್ನಪ್ಪನ ಮನೆಯಲ್ಲಿ ನಾನು ಸಾಯಬೇಕೆಂದರೂ ಅಣ್ಣನನ್ನು ಕೇಳಬೇಕಿತ್ತು.

ಎಷ್ಟೋ ವರ್ಷದ ಮೇಲೆ ಕಾಯ್ದೆ ಮತ್ತೆ ಬದಲಾಯಿತು. ನನ್ನಂಥವರ ಕೈಯಲ್ಲಿದ್ದ ಪಾಲು ಇನ್ನು ಪೂರಾ ನಮ್ಮದೇ, ಯಾರಿಗೆ ಬೇಕಾದರೂ ಕೊಡಬಹುದು ಎಂದಾಯಿತು. ಭಾವನ ಮಗ ಬಂದು ಹೇಳಿದ, ಹುಣಸೆಹಣ್ಣು ತಿಂದವನ ಮುಖ ಮಾಡಿಕೊಂಡು. ಕೇಳಿದ್ದೇ ತಡ, ಎದ್ದು ಚಾಪೆ ಸುತ್ತಿದೆ, ಕಂಕುಳಲ್ಲಿ ಹಿಡಿದೆ, ಸೆರಗು ತಲೆಗೆ ಹೊದ್ದೆ. ನಂದೂ ಪೂರಾ ನಂದಾತು ನೋಡು, ಈಗ ತಗೋ ನಿನ್ನ ಚಾಪಿ ಎಂದು ಅವಳ ಮುಂದೆ ಒಗೆಯಬೇಕಿತ್ತು.

ಹೊಸ್ತಿಲು ದಾಟಿದ ಮೇಲೆ ನೆನಪಾಯಿತು. ತಿರುಗಿ ಬಂದು ನಡುಮನೆಯಲ್ಲೇ ಹಾಸಿದೆ.