ಅಕ್ಕನ ಕಂಪ್ಯೂಟರು ಗುಜರಿಗೆ ಹೋದ ದಿನ

ಮೊನ್ನೆ ಸ್ಕೂಟರಿನಲ್ಲಿ ಬರುವಾಗ ಹೇರೋಹಳ್ಳಿಯ ಒಂದು ಖಾಲಿ ಸೈಟಿನಲ್ಲಿ ಯಾರೋ ವೈರು ಸುಡುತ್ತಿದ್ದರು. ಒಳಗಿನ ತಾಮ್ರಕ್ಕಾಗಿ ಸುಡುತ್ತಾರಂತೆ. ಆ ವಾಸನೆ ನಿಮಗೆ ಗೊತ್ತಿದ್ದರೆ, ಗಂಟಲಿನಲ್ಲಿ ಅದು ಎಷ್ಟು ಹೊತ್ತು ಕೂತಿರುತ್ತದೆ ಎಂಬುದೂ ಗೊತ್ತಿರುತ್ತದೆ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಮುಂದೆ ಬಂದೆ. ವಾಸನೆ ಹಿಂದೆ ಉಳಿಯಿತು, ಎದೆಬಡಿತ ಮಾತ್ರ ಮನೆಯ ತನಕ ಬಂತು. ಯಾಕೆ ಎಂದು ಹೇಳಬೇಕಾದರೆ ನಮ್ಮ ಅಕ್ಕನ ಕಂಪ್ಯೂಟರಿನ ವಿಷಯ ಹೇಳಬೇಕು.

ನಾನು ಮೊದಲಿನಿಂದಲೂ ಪುಕ್ಕಲು. ಬೀಗ ಹಾಕಿ ಬೀದಿಯ ಕೊನೆಯ ತನಕ ಹೋಗಿ, ವಾಪಸು ಬಂದು ಬಾಗಿಲು ತಳ್ಳಿ ನೋಡುವ ಜಾತಿ. ಅಕ್ಕ ವಿಮಲಾ ಹಾಗಲ್ಲ. “ನಿನ್ ಪಾಲಿನ ಧೈರ್ಯಾನೂ ನಾನೇ ತಗೊಂಡು ಹುಟ್ಬಿಟ್ಟೆ ಕಣೋ” ಎಂದು ನಗುತ್ತಿದ್ದಳು. ಬಸವೇಶ್ವರನಗರದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು ಇಟ್ಟುಕೊಂಡು ವರ್ಷಗಟ್ಟಲೆ ಕನ್ನಡ ಟೈಪಿಂಗ್ ಮಾಡಿದಳು. ಗೃಹಪ್ರವೇಶದ ಕಾರ್ಡು, ನಾಗರಬಾವಿಯ ಹುಡುಗರ ಪ್ರಾಜೆಕ್ಟು, ಮದುವೆಯ ಬಯೋಡೇಟಾ. ಬಯೋಡೇಟಾ ಬರೆಸುವ ಅಪ್ಪಂದಿರು ಮಗಳ ಬಣ್ಣದ ವಿಷಯ ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಕ್ಕ ತಲೆಯೆತ್ತದೆ ‘ಗೋಧಿ ಬಣ್ಣ’ ಎಂದು ಹೊಡೆದು ಮುಂದಕ್ಕೆ ಹೋಗುತ್ತಿದ್ದಳು.

ಮಧ್ಯಾಹ್ನ ಬರುವವರು ಬೇರೆ. ಮನೆಯಲ್ಲಿ ಹೇಳದೆ, ಕೋರ್ಟಿಗೋ ಪೊಲೀಸರಿಗೋ ದೂರು ಬರೆಸಲು ಬರುವ ಹೆಂಗಸರು. ಹಾಗೆ ಬಂದವಳು ಮಹಾದೇವಿ. ಬಾಗಲಕೋಟೆಯ ಕಡೆಯವಳು. ಗಂಡನ ಹೊಡೆತ ತಾಳಲಾರದೆ ಪುಟ್ಟ ಮಗಳನ್ನು ಕರೆದುಕೊಂಡು ಬಂದು, ಬ್ಯಾಡರಹಳ್ಳಿಯಲ್ಲಿ ಒಂದು ಕೋಣೆ ಹಿಡಿದು ರವಿಕೆ ಹೊಲಿಯುತ್ತಿದ್ದಳು. ಅವಳು ಹೇಳುತ್ತಾ ಹೋದಳು, ಅಕ್ಕ ಟೈಪು ಮಾಡುತ್ತಾ ಹೋದಳು: ಏನೇನಾಯಿತು, ಈಗ ಯಾವ ಮನೆಯಲ್ಲಿದ್ದಾಳೆ, ಮಗಳು ಯಾವ ಶಾಲೆಗೆ ಹೋಗುತ್ತಾಳೆ. ಗಂಡನೆಂಬವನು ಆಗಾಗ ಊರಿನಿಂದ ಬಂದು ಮಾಗಡಿ ರಸ್ತೆಯ ಟೈಲರ್ ಅಂಗಡಿಗಳಲ್ಲಿ ಅವಳ ಫೋಟೋ ತೋರಿಸಿ ವಿಚಾರಿಸಿಕೊಂಡು ಹೋಗುತ್ತಿದ್ದ.

ಕಣ್ಣಿನ ತೊಂದರೆಯಿಂದ ಅಕ್ಕ ಟೈಪಿಂಗ್ ನಿಲ್ಲಿಸಿದಳು. ಕಂಪ್ಯೂಟರುಗಳು ಹಳೆಯ ಸೀರೆ ಹೊದ್ದುಕೊಂಡು ಮೇಜಿನ ಮೇಲೇ ಉಳಿದವು. ಭಾವನಿಗೆ ಜಾಗ ಬೇಕಿತ್ತು. ತಡೆದವನು ನಾನು. “ಕಸದ ಆಟೋಗೆ ಹಾಕ್ಬೇಡಿ ಭಾವ, ದಪ್ಪ ಮಾನಿಟರಲ್ಲಿ ಸೀಸ ಇರತ್ತೆ. ಒಡೆದ್ರೆ ಮಣ್ಣಿಗೆ ಸೇರತ್ತೆ, ನೀರಿಗೆ ಸೇರತ್ತೆ” ಎಂದು ಹೆದರಿಸಿದ್ದೆ. ಇಂಥದ್ದನ್ನೆಲ್ಲ ಪರವಾನಗಿ ಪಡೆದು ಸರಿಯಾಗಿ ಬಿಡಿಸುವವರು ಇದ್ದಾರೆಂದು ಕೇಳಿ ವಿಚಾರಿಸುತ್ತಲೂ ಇದ್ದೆ. ಸೀಸದ ಚಿಂತೆಯಲ್ಲಿ ಮುಳುಗಿದ್ದ ನನಗೆ ಒಳಗಿನ ಡಿಸ್ಕಿನ ನೆನಪೇ ಬಂದಿರಲಿಲ್ಲ ನೋಡಿ.

ಒಂದು ದಿನ ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮನೆಗೆ ಬಂದರೆ ಮೇಜು ಖಾಲಿ. ಧೂಳಿನ ನಡುವೆ ಎರಡು ಶುಭ್ರವಾದ ಚೌಕ.

“ಗುಜರಿ ಆಟೋ ಬಂದಿತ್ತು, ಕೊಟ್ಟುಬಿಟ್ಟೆ” ಎಂದರು ಭಾವ, ಒಳ್ಳೆಯ ಕೆಲಸ ಮಾಡಿದ ಮುಖದಲ್ಲಿ.

ಅಕ್ಕ ಕುರ್ಚಿ ಹಿಡಿದುಕೊಂಡಳು.

“ಡಿಲೀಟ್ ಮಾಡಿದ್ದೆ ತಾನೆ?” ಎಂದೆ.

“ಡಿಲೀಟ್ ಮಾಡಿದ್ದನ್ನ ವಾಪಸ್ ತೆಗೀತಾರೆ ಕಣೋ. ಆ ಹುಡುಗ್ರ ಪ್ರಾಜೆಕ್ಟು ಎಷ್ಟು ಸಲ ನಾನೇ ತೆಗೆಸಿಕೊಟ್ಟಿಲ್ಲ? ಮಹಾದೇವಿ ಅಡ್ರೆಸ್ ಇದೆ ಅದ್ರಲ್ಲಿ. ಗಾಡಿ ತೆಗಿ.”

ಸ್ಕೂಟರು ಹೊರಟಿತು. ಕಾಮಾಕ್ಷಿಪಾಳ್ಯ ದಾಟಿ ಸುಂಕದಕಟ್ಟೆಯ ಕಡೆಗೆ ಒಂದೊಂದೇ ಗುಜರಿ ಅಂಗಡಿ ಹೊಕ್ಕು ಕೇಳಿದೆವು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ, ಪಕ್ಕದ ಗೂಡ್ಸ್ ಆಟೋದಲ್ಲಿರುವುದು ನಮ್ಮದೇ ಎಂದು ನನಗೆ ಅನಿಸುತ್ತಿತ್ತು. ಸಾವಿರಾರು ಕಂಪ್ಯೂಟರಿನಲ್ಲಿ ಇದೊಂದು ಮಹಾದೇವಿಯ ಗಂಡನ ಕೈಗೆ ಸಿಗುವುದುಂಟೇ ಎಂದು ಅಕ್ಕನಿಗೆ ಹೇಳಿದೆ. “ಸಿಗಲ್ಲ ಅಂತ ಬರ್ಕೊಡ್ತೀಯಾ?” ಎಂದಳು. ಬೆನ್ನ ಹಿಂದಿನಿಂದ ಬಂದ ಆ ದನಿ ಅಕ್ಕನದಲ್ಲ, ನನ್ನದೇ ಅನಿಸಿತು.

ಕೊನೆಗೆ ಒಂದು ಅಂಗಡಿಯ ಮುಂದೆ ನಮ್ಮ ಮಾನಿಟರು ಕಂಡಿತು. ಅಕ್ಕನ ಸೀರೆ ಇನ್ನೂ ಅದರ ಮೇಲಿತ್ತು. ಹಿಂದುಗಡೆ ವೈರಿನ ರಾಶಿಗೆ ಬೆಂಕಿ ಹಾಕಿದ್ದರು, ಕಣ್ಣು ಬಿಡಲಾಗದ ಹೊಗೆ. ಸಿಪಿಯು ಎರಡೂ ಆಗಲೇ ಬಿಚ್ಚಿ ಹೋಗಿದ್ದವು.

“ಡಿಸ್ಕಾ? ಆ ಚೀಲದಲ್ಲಿ ನೋಡ್ಕೊಳ್ಳಿ ಅಮ್ಮಾ” ಎಂದ ಅಂಗಡಿಯವನು. “ಯಾರ್ ನೋಡ್ತಾರೆ ಅದನ್ನೆಲ್ಲ? ಸುಮ್ನೆ ಟೆನ್ಷನ್ ತಗೋತೀರ.”

ಚೀಲದ ತುಂಬ ಡಿಸ್ಕುಗಳು. ಎಲ್ಲವೂ ಒಂದೇ ಥರ. ಎಷ್ಟು ಮನೆಗಳವೋ! ನಾನು ಕೈಚೆಲ್ಲಿ ನಿಂತೆ. ಅಕ್ಕ ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು. ಹಿಂದೊಮ್ಮೆ ಆಯುಧಪೂಜೆಯ ಮುಂಚೆ ರಿಪೇರಿಯವನು ಎರಡನ್ನೂ ಬಿಚ್ಚಿ ಧೂಳು ತೆಗೆದಿದ್ದಾಗ, ಹೇಗೂ ತೆರೆದಿದೆಯಲ್ಲ ಎಂದು ಒಳಗಿನ ಡಿಸ್ಕಿಗೇ ಅವಳು ಕುಂಕುಮ ಹಚ್ಚಿದ್ದಳಂತೆ. ಒಣಗಿ ಕಂದುಬಣ್ಣಕ್ಕೆ ತಿರುಗಿದ ಆ ಬೊಟ್ಟು ಒಂದರ ಮೇಲೆ ಸಿಕ್ಕಿತು. ಅದೇ ಬೊಟ್ಟಿನ ಎರಡನೆಯದು ಚೀಲದ ತಳದಲ್ಲಿತ್ತು. ಮಾನಿಟರು, ಯುಪಿಎಸ್ಸಿನ ಬ್ಯಾಟರಿ, ಉಳಿದ ಚೂರುಪಾರನ್ನೂ ಆಟೋಗೆ ಹಾಕಿಸಿಕೊಂಡು ವಾಪಸು ತಂದೆವು.

ಸಿಕ್ಕಿತಲ್ಲ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅಕ್ಕ ಫೋನ್ ಎತ್ತಿಕೊಂಡಳು.

“ಅವಳಿಗ್ಯಾಕೆ ಹೇಳ್ತೀಯ? ಸುಮ್ನೆ ಹೆದರ್ಕೋತಾಳೆ.”

“ಕಳೆದುಹೋಗಿದ್ದು ಅವಳದು ಕಣೋ. ನಾವು ಹುಡುಕಿದ್ವಿ ಅಂತ ಅದು ನಮ್ಮದಾಗಲ್ಲ.”

ಭಾನುವಾರ ಮಹಾದೇವಿ ಬಂದಳು. ಅಕ್ಕ ಕಾಫಿ ಕೊಡುವುದಕ್ಕೂ ಮುಂಚೆ ಎಲ್ಲವನ್ನೂ ಹೇಳಿಬಿಟ್ಟಳು. ಭಾವ ತಲೆತಗ್ಗಿಸಿ ಕೂತಿದ್ದರು. ಮಹಾದೇವಿ ಎರಡೂ ಡಿಸ್ಕುಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಯಾರರ ನೋಡ್ಯಾರೇನ್ರಿ ಅಕ್ಕಾರ?”

“ಗೊತ್ತಿಲ್ಲ ಮಹಾದೇವಿ. ನೋಡಿಲ್ಲ ಅಂತ ಸುಳ್ಳು ಹೇಳಲ್ಲ.”

ಮಹಾದೇವಿ ತಲೆಯಾಡಿಸಿದಳು. ಭಾವನ ಸ್ನೇಹಿತರ ವರ್ಕ್‌ಶಾಪು ಕಾಮಾಕ್ಷಿಪಾಳ್ಯದಲ್ಲಿತ್ತು. ಡಿಸ್ಕಿಗೆ ತೂತು ಕೊರೆಸಿಬಿಟ್ಟರೆ ಯಾರೂ ಓದಲಾರರು ಎಂದು ನಾನು ವಿಚಾರಿಸಿಟ್ಟುಕೊಂಡಿದ್ದೆ. ಅಲ್ಲಿಗೆ ಹೋದಾಗ ಆ ಸ್ನೇಹಿತರು ಒಂದು ಡಿಸ್ಕನ್ನು ಡ್ರಿಲ್ ಯಂತ್ರದಡಿ ಬಿಗಿಯಾಗಿ ಕಚ್ಚಿಸಿ, ಹಿಡಿಗೆ ಕೈ ಹಾಕುವಷ್ಟರಲ್ಲಿ ಮಹಾದೇವಿ ಮುಂದೆ ಬಂದಳು. “ನಾನೇ ಹೊಡೀತೀನ್ರಿ.” ಅವರು ಕನ್ನಡಕ ಕೊಟ್ಟು, ಹಿಡಿ ಎಲ್ಲಿ ಒತ್ತಬೇಕೆಂದು ತೋರಿಸಿದರು. ಕಿರ್ರೆಂದು ಸದ್ದಾಯಿತು. ನಾನು ಮುಖ ತಿರುಗಿಸಿಕೊಂಡೆ. ಅವಳು ತಿರುಗಿಸಲಿಲ್ಲ. ಒಂದು ತೂತಿನಿಂದ ಸಮಾಧಾನವಾಗದೆ ಮತ್ತೊಂದು ಕೊರೆದಳು, ಮಗದೊಂದು. ಎರಡನೆಯ ಡಿಸ್ಕಿಗೂ ಹಾಗೆಯೇ ಮಾಡಿದಳು. ಆಮೇಲೆ ಕನ್ನಡಕ ತೆಗೆದು, ಅಳದೆ, “ಕೈ ಜುಮ್ ಅಂತೈತ್ರಿ” ಎಂದಳು.

ಮಿಕ್ಕಿದ್ದನ್ನೆಲ್ಲ ನಾನು ಪರವಾನಗಿ ಇರುವವರ ಕೇಂದ್ರಕ್ಕೆ ಒಯ್ದು ಕೊಟ್ಟೆ. ಮಾನಿಟರನ್ನು ಹೇಗೆ ಬಿಚ್ಚುತ್ತೀರಿ, ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂದು ಎಷ್ಟು ಕೇಳಿದೆನೆಂದರೆ, ಅಲ್ಲಿದ್ದ ಹುಡುಗಿ “ಸಾರ್, ನೀವೇ ಒಳಗಡೆ ಬಂದು ನೋಡ್ಬಿಡಿ” ಎಂದು ಕರೆದುಕೊಂಡೇ ಹೋದಳು. ಆದರೂ ಆ ವರ್ಷವೆಲ್ಲ ಮಾಗಡಿ ರಸ್ತೆಯಲ್ಲಿ ಯಾರಾದರೂ ಕೈಯಲ್ಲಿ ಫೋಟೋ ಹಿಡಿದಿದ್ದರೆ ನನ್ನ ಸ್ಕೂಟರು ತಾನಾಗಿ ನಿಧಾನವಾಗುತ್ತಿತ್ತು. ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದು ನಂಬುವುದಕ್ಕೇ ಬಹಳ ಕಾಲ ಹಿಡಿಯಿತು.

ನಿನ್ನೆ ಮಹಾದೇವಿ ಫೋನ್ ಮಾಡಿದ್ದಳು. ಮಗಳು ಈಗ ಕಾಲೇಜು. ಅವಳಿಗೊಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು ಕೊಂಡಿದ್ದಾರೆ. ತೆರೆದರೆ ಒಳಗೆ ಯಾರದೋ ಫೋಟೋಗಳು.

“ಒಂದು ಕೂಸಿನ ತೊಟ್ಲದ ಫೋಟೋ ಐತ್ರಿ. ಒಂದ ನೋಡಿ ಮುಚ್ಚೀನಿ. ಮಗಳು ಅಳಸ್ತೀನಿ ಅಂತಾಳ, ನಾ ಬ್ಯಾಡ ಅಂದೀನಿ. ಅವರ ಹತ್ರ ಇದರ ಇನ್ನೊಂದು ಕಾಪಿ ಐತೋ ಇಲ್ಲೋ? ಅವರಿಗೆ ತಿಳಸಬೇಕಲ್ರಿ.”

ಅಳಿಸಿಬಿಡು, ನಮಗ್ಯಾಕೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಟಿದ್ದು, “ಯಾವ ಅಂಗಡಿಯಲ್ಲಿ ತಗೊಂಡಿದ್ದು?”

ಅಂಗಡಿಯವನು ಆ ಲ್ಯಾಪ್‌ಟಾಪು ಮಾರಿದವರ ನಂಬರು ಹುಡುಕಿ, ಅವರ ಒಪ್ಪಿಗೆ ಕೇಳಿ ನನಗೆ ಕೊಟ್ಟಿದ್ದಾನೆ. ಈಗ ನಾನು ಅಕ್ಕನ ಮನೆಯಲ್ಲಿ ಫೋನು ಹಿಡಿದು ಕೂತಿದ್ದೇನೆ. ಗುರುತಿಲ್ಲದ ಜನಕ್ಕೆ, ನಿಮ್ಮ ಮಗುವಿನ ಫೋಟೋ ನಮ್ಮ ಹತ್ತಿರ ಇದೆ ಎಂದು ಹೇಳಬೇಕು.

“ಹೇಗೆ ಶುರು ಮಾಡ್ಲಿ ಅಕ್ಕ?”

“ಹೆದರ್ಬೇಡಿ ಅಂತ ಹೇಳು ಮೊದ್ಲು” ಎಂದಳು ಅಕ್ಕ. “ಮಿಕ್ಕಿದ್ದು ಆಮೇಲೆ.”

ನಂಬರು ಒತ್ತಿದೆ. ಆ ಕಡೆ ಒಬ್ಬ ಹೆಂಗಸು “ಹಲೋ, ಯಾರು?” ಎಂದರು.

“ಹೆದರ್ಬೇಡಿ ಅಮ್ಮಾ” ಎಂದೆ.